ಗಾದೆಮ್ಮನ ಉಪ್ಪುನೀರು

"ಉಪ್ಪು ಹೆಚ್ಚಾತೋ ಕಡಿಮಿ ಆತೋ ಅಂತ ಸಮುದ್ರಕ್ಕ ಅನುಮಾನ ಬಂದ್ರ, ಅದು ನನ್ನ ಕಡಿ ಬಂದು ಕೇಳಬೇಕು," ಎನ್ನುತ್ತಿದ್ದಳು ಕೆಂಚನಗುಡ್ಡದ ಗಾದೆಮ್ಮ. ಸಮುದ್ರ ಇನ್ನೂ ಬಂದಿಲ್ಲ, ದಾರಿ ದೂರ. ಆದರೆ ಕಾಲುವೆಗೆ ನೀರು ಬಿಟ್ಟರೆಂದು ಮೊಬೈಲಿಗೆ ಸುದ್ದಿ ಬಂದ ಕೂಡಲೇ ಅರ್ಧ ಊರಿನ ಬಿತ್ತನೆ ಭತ್ತ ಅವಳ ಅಂಗಳದಲ್ಲಿರುತ್ತಿತ್ತು.

ಅವಳ ವಿದ್ಯೆ ಇಷ್ಟು: ತೊಟ್ಟಿಯ ನೀರಿಗೆ ಕೋಳಿತತ್ತಿ ಬಿಟ್ಟರೆ ಮುಳುಗುತ್ತದೆ. ಅದು ಮೇಲೆದ್ದು ನೆತ್ತಿ ತೋರಿಸುವ ತನಕ ಕಲ್ಲುಪ್ಪು ಕಲಸಬೇಕು. ತೋರಿಸಿತೆಂದರೆ ಹದ ಬಂತು. ಆ ನೀರಿನಲ್ಲಿ ಗಟ್ಟಿಕಾಳು ತಳ ಸೇರುತ್ತದೆ, ಜೊಳ್ಳು ತೇಲುತ್ತದೆ.

ಈ ಸಲ ಮೊದಲು ಬಂದವನು ಪಕ್ಕದ ಹೊಲದ ಮರಿಬಸಪ್ಪ. ಅವನದು ಮನೆಯಲ್ಲೇ ಉಳಿಸಿಕೊಂಡ ತಳಿ, ಇದ್ದದ್ದು ಒಂದೇ ಚೀಲ. ಜೊಳ್ಳು ಉಳಿದರೆ ಸಸಿಮಡಿಯಲ್ಲಿ ಸೊರಗಿದ ಸಸಿ ಎದ್ದು, ನಾಟಿಯೇ ಕೆಡುತ್ತಿತ್ತು.

ಗಾದೆಮ್ಮ ಹುಲ್ಲಿನ ಬಣವೆಯಲ್ಲಿ ಸಿಕ್ಕ ತತ್ತಿಯೊಂದನ್ನು ತಂದಳು. ಒಂದು ಬೊಗಸೆ ಉಪ್ಪು ಬಿದ್ದದ್ದೇ ತಡ, ಅದು ಚೆಂಡಿನಂತೆ ಮೇಲೆ ಬಂತು. ಭತ್ತ ಸುರಿದರೆ ನಾಲ್ಕು ಹೊಟ್ಟು ಬಿಟ್ಟು ಉಳಿದದ್ದೆಲ್ಲ ಮುಳುಗಿತು.

"ನೋಡಲೇ, ಜೊಳ್ಳ ಇಲ್ಲ. ನನ್ನ ಕೈಗುಣ."

"ಯಕ್ಕಾ, ಈ ಸಲ ಗಾಳಿನ ಇರಲಿಲ್ಲ, ಅರ್ಧಂಬರ್ಧ ತೂರೀನಿ," ಎಂದ ಮರಿಬಸಪ್ಪ. "ಜೊಳ್ಳು ಇರಾಕ ಬೇಕು."

ಅವನು ತಳದಿಂದ ಕಾಳು ತೆಗೆದು ಕಚ್ಚಿದ. ಕೆಲವು ಕಟಕ್ಕೆಂದವು, ಕೆಲವು ಮೆತ್ತಗೆ ಚಪ್ಪಟೆಯಾದವು. ಬೇರೆ ಯಾರಾದರೂ ಆಗಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದರು. ಗಾದೆಮ್ಮನಿಗೆ ಮಾತ್ರ ಕುತೂಹಲ ಕೆರಳಿತು. ಆ ಭತ್ತವನ್ನು ಬುಟ್ಟಿಗೆ ಬಸಿದಿಟ್ಟಳು. ತತ್ತಿಯನ್ನು ಕುಡಿಯುವ ನೀರಿನ ಚೊಂಬಿಗೆ ಬಿಟ್ಟಳು. ಉಪ್ಪಿನ ಹರಳೂ ಇಲ್ಲದ ಸಿಹಿನೀರಿನಲ್ಲಿ ಅದು ಹಾಯಾಗಿ ತೇಲಿತು.

"ಇದರ ಮನಿ ಹಾಳಾಗ. ಕೋಳಿ ಕದ್ದು ಇಟ್ಟ ತತ್ತಿ. ಯಾವ ಕಾಲದ್ದೋ, ಒಳಗ ಬರೀ ಗಾಳಿ ತುಂಬೈತಿ."

ಅಷ್ಟರಲ್ಲಿ ಗೂಡಿನ ಕೋಳಿ ಕೂಗಿತು. ಬಿಸಿ ಆರದ ಹೊಸ ತತ್ತಿ ತೊಟ್ಟಿಯಲ್ಲಿ ಕಲ್ಲಿನಂತೆ ತಳ ಕಂಡಿತು. ಗಾದೆಮ್ಮ ಉಪ್ಪು ಸುರಿದಳು, ಕಲಸಿದಳು, ಮತ್ತೆ ಸುರಿದಳು. ಬಳ್ಳಾರಿ ಪೇಟೆಯ ಉಪ್ಪೆಲ್ಲ ಖಾಲಿಯಾಗುತ್ತದೇನೋ ಎನ್ನುವಾಗ ತತ್ತಿ ನಿಧಾನವಾಗಿ ನೆತ್ತಿ ತೋರಿಸಿತು. ಅದೇ ಭತ್ತ ಮತ್ತೆ ಸುರಿದರೆ ಜೊಳ್ಳು ಕೆನೆಗಟ್ಟಿದಂತೆ ಮೇಲೆದ್ದಿತು. ಅದನ್ನು ಬಾಚಿ, ಮೊಳಕೆಗೆ ಉಪ್ಪು ತಾಕಬಾರದೆಂದು ಗಟ್ಟಿಕಾಳನ್ನು ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದುಕೊಟ್ಟಳು.

ಚೀಲ ಬೈಕಿಗೆ ಕಟ್ಟಿದ ಮೇಲೆ ಮರಿಬಸಪ್ಪನಿಗೆ ಧೈರ್ಯ ಬಂತು.

"ಏನಾರ ಅನ್ನು ಯಕ್ಕಾ, ಇಷ್ಟು ತಿಳಿದಾಕಿಗೆ ಒಂದು ಮುದಿ ತತ್ತಿ ಟೋಪಿ ಹಾಕ್ತು."

"ನೀನೂ ವಯಸ್ಸು ಮುಚ್ಚಿಟ್ಟು ಮದುವಿ ಆದಾಂವ," ಎಂದಳು ಗಾದೆಮ್ಮ, ಕೈಗೆ ಹತ್ತಿದ ಉಪ್ಪು ಕೊಡವುತ್ತ. "ನಿಮ್ಮ ಮಾವ ಅವತ್ತ ನಿನ್ನ ಒಂದು ತೊಟ್ಯಾಗ ಮುಳುಗಿಸಿ ನೋಡಿದ್ರ, ತೇಲಿಬಿಡತಿದ್ದಿ."