ಹೋದ ವರ್ಷದ ಅಳತೆ

ದಿನಾ ಬೆಳಿಗ್ಗೆ ಮುಖ ತೊಳೆದ ಮೇಲೆ ಅಳತೆಯಕ್ಕ ಮಾಡುವ ಮೊದಲ ಕೆಲಸ, ತನ್ನ ಟೇಪನ್ನೇ ಅಳೆಯುವುದು. ಮೈ ಅಳೆಯುವ ಟೇಪು ದಿನವೂ ಎಳೆಸಿಕೊಂಡು ಎಳೆಸಿಕೊಂಡು ಕೆಲವು ತಿಂಗಳಲ್ಲಿ ಉದ್ದವಾಗಿಬಿಡುತ್ತದೆ. ಅದಕ್ಕೆಂದೇ ಕಿಟಕಿಯ ಪಕ್ಕದ ಮೇಜಿನ ಮೇಲೆ ಉಕ್ಕಿನ ಪಟ್ಟಿಯೊಂದನ್ನು ಇಟ್ಟುಕೊಂಡಿದ್ದಾಳೆ. ಟೇಪನ್ನು ಅದರ ಮಗ್ಗುಲಿಗೆ ಮಲಗಿಸಿ, ತುದಿಯನ್ನು ಹೆಬ್ಬೆರಳಿನಲ್ಲಿ ಒತ್ತಿ ಹಿಡಿದು, ಗೆರೆಯಿಂದ ಗೆರೆಗೆ ಕಣ್ಣು ಓಡಿಸುತ್ತಾಳೆ. ಒಂದು ಗೆರೆ ಸರಿದಿದ್ದರೂ ಆ ಟೇಪಿನ ಕೆಲಸ ಅವತ್ತಿಗೆ ಮುಗಿಯಿತು; ಆಮೇಲೆ ಅದು ಹಳೇ ಪೇಪರು ಕಟ್ಟಲಿಕ್ಕೆ. ಜ್ವರ ಬಂದ ದಿನವೂ, ಮಗಳ ಮದುವೆಯ ದಿನವೂ ಈ ಕೆಲಸ ತಪ್ಪಿದ್ದಿಲ್ಲ. "ದೇವರೇ, ಇವತ್ತೂ ನನ್ನ ಕೈಯಿಂದ ಯಾರಿಗೂ ಸುಳ್ಳು ಅಳತೆ ಬೀಳದಿರಲಿ" ಎಂದು ಮನಸ್ಸಿನಲ್ಲೇ ಅಂದುಕೊಂಡು ಟೇಪನ್ನು ಕುತ್ತಿಗೆಗೆ ಹಾಕಿಕೊಂಡರೆ ಅವಳ ದಿನ ಶುರು.

ಅವಳ ಗಂಡ ಬಟ್ಟೆ ಕತ್ತರಿಸುವುದರಲ್ಲಿ ಪಳಗಿದ ಕೈ. ಬೀದಿಯವರೆಲ್ಲ ಮಾಸ್ತರು ಎನ್ನುತ್ತಾರೆ. ಗಂಡಹೆಂಡಿರಿಬ್ಬರೂ ಸೇರಿ ಆಸ್ಪತ್ರೆ, ಹೋಟೆಲು, ಕಾರ್ಖಾನೆಯವರಿಗೆ ಸಮವಸ್ತ್ರ ಹೊಲಿದುಕೊಡುತ್ತಾರೆ. ಅಳತೆ ಅವಳದು, ಕತ್ತರಿ ಅವರದು, ಹೊಲಿಗೆ ಇಬ್ಬರದೂ. ಕೆಳಗಿನ ಕೋಣೆಯಲ್ಲಿ ಕತ್ತರಿಸುವ ಮೇಜು, ಅದರ ಪಕ್ಕ ಮಾಸ್ತರ ಕಂಪ್ಯೂಟರು, ಅದಕ್ಕೆ ಮಂಚದಷ್ಟು ಅಗಲದ ಒಂದು ಪ್ರಿಂಟರು. ಅಳತೆ ಕೊಟ್ಟರೆ ಕೋಟಿನ ನಕ್ಷೆಯನ್ನು ಅದು ಕಾಗದದ ಮೇಲೆ ಬಿಡಿಸಿಕೊಡುತ್ತದೆ. ಕಾಗದವನ್ನು ಬಟ್ಟೆಯ ಮೇಲೆ ಹಾಸಿ ಮಾಸ್ತರು ಕತ್ತರಿ ಓಡಿಸುತ್ತಾರೆ. ಮಹಡಿಯ ಕೋಣೆಯಲ್ಲಿ ಇನ್ನೊಂದು ಕಂಪ್ಯೂಟರು, ಅದು ಅಕ್ಕನದು. ಅಳತೆಯ ಪಟ್ಟಿ ಎರಡರಲ್ಲೂ ಇರುತ್ತದೆ. ಒಂದರಲ್ಲಿ ತಿದ್ದಿದರೆ ಇನ್ನೊಂದರಲ್ಲೂ ತಾನಾಗಿ ತಿದ್ದಿಕೊಳ್ಳುವ ಹಾಗೆ ರಿಪೇರಿಯವನು ಜೋಡಿಸಿಕೊಟ್ಟಿದ್ದ. "ಎರಡರಲ್ಲಿ ಯಾವುದು ಆಮೇಲೆ ಬರೆದದ್ದೋ ಅದೇ ಉಳಿಯುತ್ತೆ ಅಕ್ಕ, ಮೊದಲಿಂದು ಅಳಿಸಿಹೋಗುತ್ತೆ. ಇನ್ನು ನೀವು ಮೆಟ್ಟಿಲು ಹತ್ತಿ ಇಳಿಯೋದೇ ಬೇಡ" ಎಂದಿದ್ದ. ಎರಡು ವರ್ಷ ಅವನ ಮಾತು ನಡೆದಿತ್ತು.

ಮನೆಯ ಮೂರನೆಯವರು ಮಾವ, ಮಾಸ್ತರ ತಂದೆ. ಕಾರ್ಖಾನೆಯೊಂದರಲ್ಲಿ ಮೂವತ್ತನಾಲ್ಕು ವರ್ಷ ಸೈರನ್ ಕೂಗಿಸಿ ನಿವೃತ್ತರಾದವರು. ಅವರ ಸೈರನ್ ಒಂದು ನಿಮಿಷ ತಡವಾದದ್ದಿಲ್ಲ. ಹೊತ್ತಿಗೆ ಸರಿಯಾಗಿ ಬಾರದವನು ಅವರ ಮಗನೊಬ್ಬನೇ. ಮಗನನ್ನು ತಿದ್ದಲೆಂದು ಮನೆಯ ಗೋಡೆ ಗಡಿಯಾರಗಳನ್ನೆಲ್ಲ ಅರ್ಧ ಗಂಟೆ ಮುಂದಿಟ್ಟರು. ಮಗ ತಿದ್ದಿಕೊಳ್ಳಲಿಲ್ಲ. ಗಡಿಯಾರ ನೋಡಿದ ತಕ್ಷಣ ಮನಸ್ಸಿನಲ್ಲೇ ಅರ್ಧ ಗಂಟೆ ಕಳೆಯುವುದನ್ನು ಮನೆಮಂದಿಯೆಲ್ಲ ಕಲಿತರು, ಅಷ್ಟೇ ಲಾಭ.

ಈ ಸಲದ ಕೆಲಸ ಆಸ್ಪತ್ರೆಯ ನರ್ಸುಗಳಿಗೆ ನಲವತ್ತೆರಡು ಕೋಟು. ಹೆಡ್ ನರ್ಸು ಹೋದ ವರ್ಷದ ಅಳತೆಪಟ್ಟಿ ಕಳಿಸಿದ್ದರು. ಅಕ್ಕ ಅದನ್ನು ಕಂಪ್ಯೂಟರಿಗೆ ಹಾಕಿಕೊಂಡಳೇ ಹೊರತು ನಂಬಲಿಲ್ಲ. ಒಂದು ವರ್ಷದಲ್ಲಿ ಮನುಷ್ಯರ ಮೈ ಏನೇನೋ ಆಗಿರುತ್ತದೆ. ಕೆಲವು ದಿನ ಪಾಳಿ ಬದಲಾಗುವ ಹೊತ್ತಿಗೆ ಆಸ್ಪತ್ರೆಗೆ ಹೋಗಿ, ಸಿಕ್ಕ ಇಪ್ಪತ್ತೆಂಟು ಜನರನ್ನು ಒಬ್ಬೊಬ್ಬರಾಗಿ ನಿಲ್ಲಿಸಿ ಅಳೆದು, ಚೀಟಿಯಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕಿಕೊಂಡು, ಮನೆಗೆ ಬಂದು ಪಟ್ಟಿಯಲ್ಲಿ ಹಳೆಯ ಅಂಕಿ ಅಳಿಸಿ ಹೊಸದು ಬರೆದಳು. ಬರೆದಾದ ಮೇಲೆ ಚೀಟಿಗೆ ಅವಳ ಮನೆಯಲ್ಲಿ ಒಂದೇ ಉಪಯೋಗ. ಅದನ್ನು ಮಡಚಿ ಉಳಿದ ನೂಲು ಸುತ್ತಿಡುತ್ತಾಳೆ.

ಮೊದಲು ಆ ಇಪ್ಪತ್ತೆಂಟು ಕೋಟು ಹೋದವು. ಗುರುವಾರ ಮಧ್ಯಾಹ್ನ ಹನ್ನೊಂದು ಹಿಂದಕ್ಕೆ ಬಂದವು. ಹೆಡ್ ನರ್ಸು ತಾವೇ ಗಂಟು ಹೊತ್ತುಕೊಂಡು ಬಂದು ಕತ್ತರಿಸುವ ಮೇಜಿನ ಮೇಲೆ ಧೊಪ್ಪನೆ ಹಾಕಿದರು.

"ಇದರಲ್ಲಿ ಒಬ್ಬಳು ಹೆತ್ತು ಬಂದವಳು. ಗುಂಡಿ ಹಾಕಿದ್ರೆ ಉಸಿರಾಡಕ್ಕಾಗಲ್ಲ. ಇನ್ನೊಬ್ಬಳು ಕಾಯಿಲೆ ಬಿದ್ದು ಅರ್ಧ ಆಗಿದಾಳೆ, ಅವಳು ಕೋಟು ಹಾಕ್ಕೊಂಡ್ರೆ ಗೂಟಕ್ಕೆ ನೇತುಹಾಕಿದ ಹಾಗಿದೆ. ಹನ್ನೊಂದೂ ಹೋದ ವರ್ಷದ ಅಳತೆ. ಪಟ್ಟಿ ಹಿಡಿದು ತಾಳೆ ನೋಡಿದೀನಿ. ಒಂದು ಮಾತು ಕೇಳ್ತೀನಿ ಅಕ್ಕ, ಬೇಜಾರು ಮಾಡ್ಕೋಬೇಡಿ. ಟೇಪು ಹಿಡ್ಕೊಂಡು ಬಂದಿದ್ದು ಬರೀ ನಾಟಕಕ್ಕಾ?"

ಅಕ್ಕ ಗಂಡನ ಮುಖ ನೋಡಿದಳು. ಮಾಸ್ತರು ಕತ್ತರಿಯನ್ನು ಬಟ್ಟೆಚೂರಿನಿಂದ ಒರೆಸುತ್ತ, "ನೋಡಿ ಸಿಸ್ಟರ್, ಅವಳು ಏನು ಬರೆದುಕೊಡ್ತಾಳೋ ಅದನ್ನ ನಾನು ಕತ್ತರಿಸ್ತೀನಿ" ಎಂದು ಕೈ ತೊಳೆದುಕೊಂಡರು.

"ಉಳಿದ ಹದಿನಾಲ್ಕು ಜನಕ್ಕೆ ಸೋಮವಾರ ಮಧ್ಯಾಹ್ನ ಬೇರೆ ಅಂಗಡಿಯವರನ್ನ ಕರೆಸ್ತಿದೀನಿ" ಎಂದು ಹೆಡ್ ನರ್ಸು ಹೊರಟರು.

ಅವರ ಚಪ್ಪಲಿಯ ಸದ್ದು ಬೀದಿಯ ತಿರುವು ದಾಟುವವರೆಗೆ ಅಕ್ಕ ತಡೆದುಕೊಂಡಳು. "ಭಗವಂತಾ, ಇನ್ನೊಂದು ಗಳಿಗೆ ನನ್ನ ಬಾಯಿಗೆ ಬೀಗ ಹಾಕಿರು" ಎಂದು ಬೇಡಿಕೊಂಡಳು. ಆಮೇಲೆ ಬೀಗ ಕಳಚಿತು.

"ಏನ್ರೀ ಅದು, ಹೊರಗಿನವರ ಮುಂದೆ? ನಾನು ಬರೆದಿದೀನಿ. ಒಂದೊಂದೂ ತಿದ್ದಿದೀನಿ."

"ತಿದ್ದಿದ್ರೆ ಎಲ್ಲಿಗೆ ಹೋಯ್ತೇ? ಇಲಿ ತಿಂತಾ?"

"ಅದನ್ನ ನಿಮ್ಮ ಕಂಪ್ಯೂಟರ್ನ ಕೇಳಿ."

"ಅದಕ್ಕೆ ಬಾಯಿದ್ದಿದ್ರೆ ಮೊದಲು ನಿನ್ನ ಬಗ್ಗೆನೇ ದೂರು ಹೇಳ್ತಿತ್ತು."

ಶುಕ್ರವಾರ ಬೆಳಿಗ್ಗೆ ರಿಪೇರಿಯವನಿಗೆ ಫೋನು ಮಾಡಿದಳು. ಅವನು ಕೇಳಿದ ಮೊದಲ ಪ್ರಶ್ನೆ, "ಆಫ್ ಮಾಡಿ ಆನ್ ಮಾಡಿದ್ರಾ ಅಕ್ಕ?" ಮಾಡಿದ್ದಾಯಿತು. ಎರಡನೆಯದು, "ವೈಫೈ ಡಬ್ಬಿಯ ದೀಪ ಹಸಿರಾ ಕೆಂಪಾ?" ಹಸಿರು. "ಹಾಗಾದ್ರೆ ಏನೂ ತೊಂದ್ರೆ ಇಲ್ಲ ಬಿಡಿ" ಎಂದು ಧೈರ್ಯ ಹೇಳಿ ಫೋನಿಟ್ಟ. ಮತ್ತೆ ಮೂರು ಸಲ ಫೋನು ಮಾಡಿದ ಮೇಲೆ ಬಂದ. ಬಂದವನು ತಂತಿ ಕಿತ್ತು ಹಾಕಿದ, ಡಬ್ಬಿಯನ್ನು ಕಪಾಟಿನ ಮೇಲಿಂದ ಕಿಟಕಿಗೆ, ಕಿಟಕಿಯಿಂದ ಮತ್ತೆ ಕಪಾಟಿಗೆ ಸಾಗಿಸಿದ. ಯಾವುದೋ ಕಾವಲು ಪ್ರೋಗ್ರಾಮನ್ನು ನಿಲ್ಲಿಸಿದ. ನಿಲ್ಲಿಸಿದ್ದೇ ತಡ, ಅಲ್ಲಿಯವರೆಗೆ ಕಾಣುತ್ತಿದ್ದ ಫೋಲ್ಡರು ಕಾಣದಂತಾಯಿತು. ಮತ್ತೆ ಕಂಡಾಗ ಪಾಸ್‌ವರ್ಡ್ ಕೇಳಿತು. ಮನೆಯಲ್ಲಿ ಯಾರೂ ಎಂದೂ ಇಡದಿದ್ದ ಪಾಸ್‌ವರ್ಡ್ ಅದು. ಮಗಳ ಹೆಸರು, ಮದುವೆಯ ತಾರೀಕು, ಮನೆಯ ನಂಬರು ಎಲ್ಲ ಹೊಡೆದು ನೋಡಿದರು. ಕೊನೆಗೆ ರಿಪೇರಿಯವನು ಅದೇನೋ ಟಿಕ್ಕು ತೆಗೆದ ಮೇಲೆ ಕೇಳುವುದನ್ನು ಬಿಟ್ಟಿತು.

ಆಮೇಲೆ ಪರೀಕ್ಷೆ. ರಿಪೇರಿಯವನು ಮೆಟ್ಟಿಲ ನಡುವೆ, ಅಕ್ಕ ಮೇಲೆ, ಮಾಸ್ತರು ಕೆಳಗೆ.

"ಬರೆದೆ! ಬಂತಾ?"

"ಇಲ್ಲ!"

"ಈಗ?"

"ಏನೋ ಬಂತು!"

"ಏನು ಬಂತು?"

"ಮೊನ್ನೆಯದು!"

ಮತ್ತೊಮ್ಮೆ ಬರೆದಳು. ಈ ಸಲ ಸರಿಯಾಗಿ ಬಂತು. ಇನ್ನೊಮ್ಮೆ ಬರೆದಳು, ಆಗಲೂ ಬಂತು. ರಿಪೇರಿಯವನು ಗೆದ್ದವನ ಹಾಗೆ ಚೀಲ ಹೆಗಲಿಗೇರಿಸಿ, "ಡಬ್ಬಿ ಬಿಸಿಯಾಗಿತ್ತು ಅಕ್ಕ, ಅಷ್ಟೇ" ಎಂದು ಹೊರಟುಹೋದ. ಅವನು ಹೋದ ಮೇಲೆ ಮಾಸ್ತರು ಪಟ್ಟಿಯಲ್ಲಿ ನಕ್ಷೆ ತೆಗೆದಾದವರ ಸಾಲಿಗೆಲ್ಲ ಗುರುತು ಹಾಕಿದರು. ಇತ್ತ ಅಕ್ಕ ಬರೆದ ಮೂರು ಜನರ ಅಳತೆ ಸಂಜೆಯೊಳಗೆ ಮಂಗಮಾಯ.

ಪೂರ್ತಿ ಕೆಟ್ಟಿದ್ದರೆ ಮೂಲೆಗೆ ಹಾಕಬಹುದಿತ್ತು. ಇದು ಹಾಗೂ ಅಲ್ಲ, ಹೀಗೂ ಅಲ್ಲ. ಬೇಕೆನಿಸಿದಾಗ ಕೇಳುತ್ತದೆ, ಬೇಡವೆನಿಸಿದಾಗ ಕಿವುಡಾಗುತ್ತದೆ. ಅಕ್ಕನಿಗೆ ತಲೆ ಚಿಟ್ಟು ಹಿಡಿಯಿತು. ಪೆನ್ ಡ್ರೈವಿನಲ್ಲಿ ಹಾಕಿಕೊಟ್ಟು ನೋಡಿದಳು. ಮಾಸ್ತರ ಪರದೆಯ ಮೇಲೆ 'ಪಟ್ಟಿ', 'ಹೊಸ ಪಟ್ಟಿ', 'ಕೊನೇ ಪಟ್ಟಿ', 'ಇದೇ ಕೊನೇ ಪಟ್ಟಿ' ಎಂದು ನಾಲ್ಕು ಸಾಲಾಗಿ ನಿಂತವು. ಯಾವುದು ತೆರೆಯಬೇಕೆಂದು ಅವರು ಕೂಗಿ ಕೇಳುವುದು, ಇವಳು ಇಳಿದು ಹೋಗಿ ತೋರಿಸುವುದು. ಹತ್ತೊಂಬತ್ತು ಮೆಟ್ಟಿಲು. ಅವತ್ತು ಎಷ್ಟು ಸಲವೋ ದೇವರೇ ಬಲ್ಲ.

"ನಿನ್ನ ಕಣ್ಣು ಪರೀಕ್ಷೆ ಮಾಡಿಸ್ಬೇಕು ಕಣೇ" ಎಂದರು ಮಾಸ್ತರು, ರಾತ್ರಿ ಊಟಕ್ಕೆ ಕೂತಾಗ. ಹಾಸ್ಯಕ್ಕೇ ಅಂದದ್ದು. ಆದರೆ ಅಕ್ಕನಿಗೆ ತನ್ನ ಮೇಲೇ ಸಣ್ಣಗೆ ಅನುಮಾನ ಹತ್ತಿತ್ತು. ನಿಜವಾಗಿ ಬರೆದೆನೋ, ಬರೆದೆ ಅಂದುಕೊಂಡೆನೋ. ಇಷ್ಟು ವರ್ಷದಲ್ಲಿ ಅವಳಿಗಿದ್ದ ಆಸ್ತಿಯೆಂದರೆ ಅದೊಂದೇ, ಅವಳ ಅಳತೆಯನ್ನು ಯಾರೂ ಎರಡನೇ ಸಲ ಅಳೆಯುತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಬೇರೆ ಥರ ಮಾಡೋಣವೆನಿಸಿತು. ಒಬ್ಬಳ ತೋಳಿನ ಉದ್ದ ಇಪ್ಪತ್ತೊಂದು ಇದ್ದದ್ದನ್ನು ಇಪ್ಪತ್ತಮೂರು ಎಂದು ತಿದ್ದಿ, ಉಳಿಸಿ, ಎದ್ದು ಹೋಗದೆ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಮಾತು ಬಾರದ ಮಗುವಿನ ಮುಖ ನೋಡುವ ಹಾಗೆ ಪರದೆಯನ್ನೇ ನೋಡಿದಳು. ಸ್ವಲ್ಪ ಹೊತ್ತಿನ ಮೇಲೆ ಪಟ್ಟಿಯನ್ನು ಮುಚ್ಚಿ ಮತ್ತೆ ತೆರೆದಳು. ಇಪ್ಪತ್ತೊಂದು! ಅವಳು ಮುಟ್ಟಿರಲಿಲ್ಲ. ಅವಳ ಕಣ್ಣೆದುರಿಗೇ ಇಪ್ಪತ್ತಮೂರು ಸತ್ತಿತ್ತು.

ಫೋಲ್ಡರಿನಲ್ಲಿ ಪಟ್ಟಿಯ ಹೆಸರಿನ ಮುಂದೆ, ಅದನ್ನು ಕೊನೆಗೆ ತಿದ್ದಿದ ಸಮಯ ಇತ್ತು: ಹನ್ನೊಂದು ಹತ್ತು. ಮೂಗಿನ ತುದಿಗೆ ಜಾರಿದ್ದ ಕನ್ನಡಕ ಮೇಲೇರಿಸಿ ಪರದೆಯ ಮೂಲೆಯಲ್ಲಿ ಈಗಿನ ಸಮಯ ನೋಡಿದಳು. ಹತ್ತೂ ನಲವತ್ತೆಂಟು.

ಅವಳ ಮನಸ್ಸು ಎಂದಿನ ಹಾಗೆ ಹನ್ನೊಂದು ಹತ್ತರಲ್ಲಿ ಅರ್ಧ ಗಂಟೆ ಕಳೆದು ಸುಮ್ಮನಾಗಲು ಹೊರಟಿತ್ತು. ಅಲ್ಲೇ ತಡೆಯಿತು. ಇನ್ನೂ ಆಗದ ಹೊತ್ತಿನಲ್ಲಿ ಯಾರು ಬಂದು ತಿದ್ದಿದರು? ಈ ಮನೆಯಲ್ಲಿ ಅರ್ಧ ಗಂಟೆ ಮುಂದೆ ಬದುಕುವವರು ಒಬ್ಬರೇ.

ಮೆಟ್ಟಿಲು ಇಳಿದು ಬಂದು ಮಾಸ್ತರ ಕಂಪ್ಯೂಟರಿನ ಮೂಲೆ ನೋಡಿದಳು. ಹನ್ನೊಂದು ಹತ್ತೊಂಬತ್ತು.

"ಮಾವ, ಈ ಕಂಪ್ಯೂಟರ್ ಮುಟ್ಟಿದ್ರಾ?"

ಬಾಗಿಲ ಪಕ್ಕದ ಕುರ್ಚಿಯಲ್ಲಿದ್ದ ಮಾವ ಪೇಪರಿನಿಂದ ತಲೆಯೆತ್ತಿದರು. "ಇಪ್ಪತ್ತು ದಿನ ಆಯ್ತಲ್ಲಮ್ಮ. ಇವನು ಗೋಡೆ ಗಡಿಯಾರ ನೋಡೋದೇ ಬಿಟ್ಟ, ಎಲ್ಲಾ ಅದರಲ್ಲೇ ನೋಡ್ತಾನೆ. ಅದಕ್ಕೆ ಅದನ್ನೂ ಸರಿ ಮಾಡಿದೆ. ಭಲೇ ಹಟಮಾರಿ ಅದು, ಎರಡು ಸಲ ಹಿಂದಕ್ಕೆ ಹೋಯ್ತು. 'ತಾನಾಗಿ ಸಮಯ ಹೊಂದಿಸು' ಅಂತ ಒಂದು ಗುಂಡಿ ಇತ್ತು, ಅದನ್ನ ಆಫ್ ಮಾಡಿದ ಮೇಲೆ ದಾರಿಗೆ ಬಂತು."

"ಮೇಲಿಂದು?"

"ಮೊಣಕಾಲು ಹತ್ತಕ್ಕೆ ಬಿಡಬೇಕಲ್ಲ."

ಅಕ್ಕ ಗಂಡನ ಕಡೆ ತಿರುಗಿದಳು. "ನೀವು ನೋಡ್ಲೇ ಇಲ್ವಾ?"

"ನೋಡ್ದೆ" ಎಂದರು ಮಾಸ್ತರು, ನಿಧಾನಕ್ಕೆ. "ಅರ್ಧ ಗಂಟೆ ಕಳೆದು ನೋಡ್ತಿದ್ದೆ. ಮನೇಲಿ ಎಲ್ಲಾ ಗಡಿಯಾರನೂ ಹಾಗೇ ಅಲ್ವೇನೇ?"

ಅಕ್ಕ ಮೇಜಿಗೆ ಕೈಯೂರಿ ನಿಂತು, ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳಿದಳು. "ಹತ್ತು ಗಂಟೆಗೆ ನೀವು ಇಲ್ಲಿ ಗುರುತು ಹಾಕ್ತೀರಿ. ಇದು ಹತ್ತೂವರೆ ಅಂತ ಬರ್ಕೊಳುತ್ತೆ. ಹತ್ತೂ ಕಾಲಿಗೆ ನಾನು ಮೇಲೆ ಅಳತೆ ತಿದ್ತೀನಿ. ಅದು ಹತ್ತೂ ಕಾಲು ಅಂತಲೇ ಬರ್ಕೊಳುತ್ತೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ರೆ ಆಮೇಲಿಂದು ಯಾವುದು? ನಿಮ್ಮದು. ನನ್ನದನ್ನ ಅಳಿಸಿ ನಿಮ್ಮದನ್ನ ಇಟ್ಟುಕೊಳುತ್ತೆ. ನೀವು ಹೊರಗೆ ಹೋಗಿದ್ದ ದಿನ ಮಾತ್ರ ನನ್ನ ಅಳತೆ ಬದುಕಿದೆ."

ಮಾವ ಪೇಪರು ಮಡಚಿದರು. "ಹಾಗಾದ್ರೆ ತಪ್ಪು ಮೇಲಿನ ಕಂಪ್ಯೂಟರಿಂದು. ಅದನ್ನೂ ಅರ್ಧ ಗಂಟೆ ಮುಂದಿಟ್ರೆ ಎರಡೂ ಸರಿಹೋಯ್ತು."

ಅಕ್ಕ ಅಳಬೇಕೋ ನಗಬೇಕೋ ತಿಳಿಯದೆ ಅವರನ್ನೇ ನೋಡಿದಳು. "ಮಾವ, ಆ ಸಿಸ್ಟರ್ ನನ್ನನ್ನ ನಾಟಕ ಮಾಡೋಳು ಅಂದ್ರು. ನೀವು ಇದೇ ಕುರ್ಚೀಲಿ ಕೂತಿದ್ರಿ."

ಮಾವ ಎದ್ದು ಮೊಣಕಾಲು ಹಿಡಿದುಕೊಂಡು ಮೇಜಿನ ಹತ್ತಿರ ಬಂದು, ಮಗನ ಕಂಪ್ಯೂಟರಿನಲ್ಲಿ ತಾವೇ ಆಫ್ ಮಾಡಿದ್ದ ಗುಂಡಿಯನ್ನು ಹುಡುಕಿ ಆನ್ ಮಾಡಿದರು. ಗಡಿಯಾರ ತಟ್ಟನೆ ಹಿಂದಕ್ಕೆ ಬಂತು. ಆಮೇಲೆ ಕೋಟಿನ ಗಂಟನ್ನು ಕಾಲಬುಡಕ್ಕೆ ಎಳೆದುಕೊಂಡು, "ಹೊಲಿಗೆ ಬಿಚ್ಚೋ ಬ್ಲೇಡು ಕೊಡು ತಾಯಿ" ಎಂದರು. ಸಂಜೆಯವರೆಗೆ ಕೂತು ಹನ್ನೊಂದು ಕೋಟುಗಳ ಹೊಲಿಗೆ ಬಿಚ್ಚಿದರು.

ಅಕ್ಕ ನೂಲಿನ ಡಬ್ಬಿ ಸುರಿದಳು. ಒಂದೊಂದು ಉಂಡೆ ಬಿಚ್ಚಿದ ಹಾಗೆ ಒಳಗಿನಿಂದ ಚೀಟಿ ಬಂತು, ಚೀಟಿಯಲ್ಲಿ ಅವಳ ಪೆನ್ಸಿಲ್ಲಿನ ಅಂಕಿ. ಒಂಬತ್ತು ಸಿಕ್ಕವು. ಸಿಗದ ಎರಡು, ಹೆತ್ತವಳದು ಮತ್ತು ಕಾಯಿಲೆಯವಳದು. ಅವು ಚೀಟಿಯಿಲ್ಲದೆಯೇ ಅವಳಿಗೆ ನೆನಪಿದ್ದವು.

ಚಿಕ್ಕದಾದವಕ್ಕೆ ಹೊಸ ಬಟ್ಟೆ ಕತ್ತರಿಸಬೇಕಾಯಿತು, ದೊಡ್ಡದಾದವನ್ನು ಕಡಿಮೆ ಮಾಡಿದರಾಯಿತು. ಮಾಸ್ತರು ತಪ್ಪಾಯಿತೆಂದು ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಜಾಯಮಾನದವರಲ್ಲ. ಆದರೆ ಪ್ರತಿ ಕಾಗದಕ್ಕೂ ಕತ್ತರಿ ಹಾಕುವ ಮೊದಲು, "ಇಪ್ಪತ್ತಮೂರು ತಾನೇ? ಸೊಂಟ ಮೂವತ್ತಾರೂ ಕಾಲು ತಾನೇ?" ಎಂದು ಕೂಗಿ ಕೇಳಿದರು. ಮೂರನೇ ಕೋಟಿನ ಹೊತ್ತಿಗೆ ಅಕ್ಕನಿಗೆ ಅದೂ ಸಾಕಾಯಿತು. "ರೀ, ಪಟ್ಟಿಯಲ್ಲಿದೆ, ನೋಡ್ಕೊಳ್ರೀ!"

ಸೋಮವಾರ ಬೆಳಿಗ್ಗೆ ಹನ್ನೊಂದು ಕೋಟು ಹೊತ್ತುಕೊಂಡು ಆಸ್ಪತ್ರೆಯ ಮೂರನೇ ಮಹಡಿಗೆ ಹತ್ತಿದಳು. ಒಗೆದ ಹಾಸಿಗೆ ಬಟ್ಟೆ ಜೋಡಿಸಿಡುವ ಕೋಣೆಯಲ್ಲಿ ಪಾಳಿ ಮುಗಿಸಿದ ನರ್ಸುಗಳು ಒಬ್ಬೊಬ್ಬರೇ ಬಂದು ಹಾಕಿ ನೋಡಿದರು. ಹೆತ್ತವಳು ಗುಂಡಿ ಹಾಕಿಕೊಂಡು ಎರಡೂ ಕೈ ಮೇಲೆತ್ತಿ, "ಅಬ್ಬ, ಉಸಿರಾಡ್ತಿದೀನಿ" ಎಂದಳು. ಅಕ್ಕ ಹೆಡ್ ನರ್ಸಿನ ಮುಂದೆ ಒಂಬತ್ತು ಚೀಟಿಗಳನ್ನು ಸಾಲಾಗಿ ಇಟ್ಟು, ಗಡಿಯಾರದ ಕತೆಯನ್ನು ಚುಟುಕಾಗಿ ಹೇಳಿದಳು. ಮಾವನ ಹೆಸರೆತ್ತಲಿಲ್ಲ, ಮನೆಯ ಗಡಿಯಾರ ಅಂದಳು.

ಹೆಡ್ ನರ್ಸು ನೂಲಿನ ಸುಕ್ಕು ಬಿದ್ದ ಒಂದು ಚೀಟಿಯನ್ನು ಬೆಳಕಿಗೆ ಹಿಡಿದು, ಕೋಟಿನ ತೋಳಿನ ಮೇಲಿಟ್ಟು ನೋಡಿದರು. ಮೇಜಿನ ಮೇಲಿನ ಫೋನೆತ್ತಿ ಆ ಇನ್ನೊಂದು ಅಂಗಡಿಗೆ, ಬರುವುದು ಬೇಡವೆಂದು ಹೇಳಿದರು. ಫೋನಿಟ್ಟು, "ಅವತ್ತು ನನ್ನ ಬಾಯಿ ಸ್ವಲ್ಪ ಜಾಸ್ತಿ ಆಯ್ತು ಅಕ್ಕ. ಒಂದು ಕೆಲಸ ಮಾಡೋಣ. ಉಳಿದ ಹದಿನಾಲ್ಕು ಜನರನ್ನ ನಾನೇ ನಿಲ್ಲಿಸಿ, ಅಳೆದು, ಬರೆದು ಕಳಿಸಿಬಿಡ್ತೀನಿ. ಮೂರು ಮಹಡಿ ಹತ್ತಿ ಇಳಿಯೋ ಕಷ್ಟ ನಿಮಗೆ ತಪ್ಪುತ್ತೆ" ಎಂದರು.

ಅಕ್ಕ ಕುತ್ತಿಗೆಯ ಟೇಪು ತೆಗೆದು ಕೈಗೆ ಸುತ್ತಿಕೊಂಡಳು. "ಬೇಡ ಸಿಸ್ಟರ್. ನೀವು ದೊಡ್ಡವರು. ನಿಮ್ಮ ಮುಂದೆ ಎಲ್ಲರೂ ಹೊಟ್ಟೆ ಒಳಗೆಳ್ಕೊಂಡು ನಿಲ್ತಾರೆ. ಅಳತೆ ನಾನೇ ತಗೋತೀನಿ."