ಅಂಚೆಚೀಟಿ ನೆನೆಸಿದ ನೀರು ಎಮ್ಮೆ ಕುಡಿಯಿತು

ಗೆಳೆಯರೇ, ಇವತ್ತು ಮನೆಯಲ್ಲಿ ಒಂದು ಅವಾಂತರವಾಯಿತು. ಹಳೆಯ ಲಕೋಟೆಗಳ ಅಂಚೆಚೀಟಿ ಕಾಗದ ಬಿಡಲಿ ಎಂದು ಬೆಳಿಗ್ಗೆ ಕೈಗೆ ಸಿಕ್ಕ ಪಾತ್ರೆಯೊಂದರ ನೀರಿನಲ್ಲಿ ನೆನೆಹಾಕಿದ್ದೆ. ಚೀಟಿಗಳನ್ನು ಆರಿಸಿ ಒಣಹಾಕಿ ಬರುವಷ್ಟರಲ್ಲಿ, ಉಳಿದ ನೀರನ್ನು ಹೆಂಡತಿ ಗಬ್ಬದ ಎಮ್ಮೆಗೆ ಕುಡಿಸಿಬಿಟ್ಟಿದ್ದಳು. ಅಂಚೆ ಠಸ್ಸೆಯ ಶಾಯಿ, ಅಂಟು ಎಲ್ಲ ಅದರೊಳಗೇ ಇತ್ತು.

“ನಿನಗ ಕಣ್ಣ ಕಾಣಂಗಿಲ್ಲೇನ?” ಎಂದು ಒದರಿದೆ.

“ಎಮ್ಮಿ ಮುಸುರಿ ಬೋಗಾಣ್ಯಾಗ ಇದ್ದದ್ದು ಎಮ್ಮೀದಲ್ಲದ ಮತ್ಯಾರದ್ರಿ?” ಎಂದಳು.

ಎಮ್ಮೆಗೆ ಮುಸುರೆ ಕುಡಿಸುವ ಆ ಬೋಗಾಣಿಯನ್ನು ಚೀಟಿ ನೆನೆಹಾಕಲು ಎತ್ತಿಕೊಂಡವನು ನಾನೇ.

ದನದ ಡಾಕ್ಟರಿಗೆ ಫೋನ್ ಮಾಡಿದೆ. “ಮೆಲುಕು ಹಾಕ್ತದೇನ ನೋಡ್ರಿ. ಹಾಕಿದ್ರ ಹೆದರಬ್ಯಾಡ್ರಿ” ಎಂದರು.

ಮಧ್ಯಾಹ್ನದವರೆಗೆ ಅದರ ಬಾಯಿಯನ್ನೇ ನೋಡುತ್ತ ಕೂತೆ. ಕೊನೆಗೂ ದವಡೆ ಆಡಿಸಿತು. ಈಗ ಅದು ಆರಾಮಾಗಿ ಮೆಲುಕು ಹಾಕುತ್ತಿದೆ. ನನಗೆ ಮಾತ್ರ ಇನ್ನೂ ತುತ್ತು ಇಳಿಯುತ್ತಿಲ್ಲ.