ನಮ್ಮ ಯಜಮಾನರ ಬೆಳಗಿನ ತೂಕ

ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ತೋಟದಿಂದ ಮನೆಗೆ ಬರುವಷ್ಟರಲ್ಲಿ ನಮ್ಮ ಯಜಮಾನರು ಎರಡು ಕಡೆ ಕೂತರು. ಉಸಿರು ಸಾಲುತ್ತಿರಲಿಲ್ಲ. ಪಾದ ಊದಿತ್ತು.

ಕೋಡಿಹಳ್ಳಿಯಿಂದ ಕನಕಪುರ, ಅಲ್ಲಿಂದ ರಾಮನಗರದ ಆಸ್ಪತ್ರೆ. ಗುಂಡಿಗೆಯ ಎಕೋ ಸ್ಕ್ಯಾನ್ ಮಾಡಿದ ಡಾಕ್ಟರಮ್ಮ "ಹಾರ್ಟ್ ಫೇಲ್ಯೂರ್" ಎಂದರು.

ಫೇಲ್ ಎಂದರೆ ನಿಂತೇಹೋಗುವುದು ಎಂದುಕೊಂಡೆ.

ನಿಲ್ಲುವುದಲ್ಲ, ಗುಂಡಿಗೆಯ ಬಲ ಕುಗ್ಗುವುದು, ಆಗ ಮೈಯಲ್ಲಿ ನೀರು ಕಟ್ಟಿಕೊಳ್ಳುತ್ತದೆ ಎಂದು ಬಿಡಿಸಿ ಹೇಳಿದರು. ನೀರು ಇಳಿಯುವ ಮಾತ್ರೆ ಕೊಟ್ಟು, ದಿನಾ ತೂಕ ಬರೆದಿಡಲು ಹೇಳಿ, ಆರು ದಿನದ ಮೇಲೆ ಮನೆಗೆ ಕಳಿಸಿದರು.

ಬೆಳಿಗ್ಗೆ ಅರವತ್ತೆಂಟು, ಸಂಜೆ ಅರವತ್ತೊಂಬತ್ತು. ಮತ್ತೆ ನೀರು ಕಟ್ಟಿತೆಂದು ಹೆದರಿ, ಅವರನ್ನು ತೂಕದ ಯಂತ್ರದ ಮೇಲೆ ಪದೇ ಪದೇ ಹತ್ತಿಸಿ ನೋಡುತ್ತಿದ್ದೆ. ನನ್ನ ಮುಖ ನೋಡಲಾರದೆ ಅವರು ಮುದ್ದೆ ಅರ್ಧ ಮಾಡಿದರು. ನೀರು ಕುಡಿಯುವುದನ್ನೂ ತೀರಾ ಕಮ್ಮಿ ಮಾಡಿದರು. ಐದನೆಯ ದಿನ ಕೊಟ್ಟಿಗೆಯಲ್ಲಿ ತಲೆ ಸುತ್ತಿ ಬಿದ್ದರು.

ಮತ್ತೆ ರಾಮನಗರಕ್ಕೆ ಹೋದಾಗ ಡಾಕ್ಟರಮ್ಮ ನಾನು ತೂಕ ಬರೆದಿದ್ದ ಪುಸ್ತಕ ತಿರುವಿದರು.

"ಊಟ ಮಾಡಿದ್ರೆ, ಒಂದು ಚೊಂಬು ನೀರು ಕುಡಿದ್ರೆ ತೂಕ ಏರುತ್ತಮ್ಮಾ. ಅದು ಕಾಯಿಲೆ ಅಲ್ಲ. ಬೆಳಿಗ್ಗೆ ಟಾಯ್ಲೆಟ್‌ಗೆ ಹೋಗಿಬಂದು, ತಿಂಡಿಗೆ ಮುಂಚೆ, ಒಂದೇ ಸಲ ನೋಡಿ. ಅರ್ಧ ಕೆಜಿ ಆಚೆ ಈಚೆ ಆದ್ರೆ ಹೆದರಬೇಡಿ. ಎರಡು ಮೂರು ದಿನದಲ್ಲಿ ಎರಡು ಕೆಜಿ ಏರಿದ್ರೆ ತಕ್ಷಣ ಫೋನ್ ಮಾಡಿ."

"ಅಂಗಾರೆ ಮುದ್ದೆ ತಿನ್ಬೋದಾ?" ಇವರು ಕೇಳಿದರು.

"ತಿನ್ನಿ. ಉಪ್ಪು ಕಮ್ಮಿ ಮಾಡಿ. ಚೀಟಿಲಿ ಬರೆದಷ್ಟು ನೀರು ಕುಡೀಲೇಬೇಕು."

ಅಂದೇ ಗಟ್ಟಿ ಮನಸ್ಸು ಮಾಡಿದೆ. ಸಂಜೆ ತೂಕ ನೋಡುವುದು ನಿಂತಿತು. ತಿಂಗಳು ಕಳೆಯುವಷ್ಟರಲ್ಲಿ ಮುಳ್ಳು ದಿನಾ ಒಂದೇ ಕಡೆ ನಿಲ್ಲುವುದಿಲ್ಲ, ಬದುಕಿರುವ ಮೈ ಹೀಗೆ ಸ್ವಲ್ಪ ಏರಿ ಇಳಿಯುತ್ತಲೇ ಇರುತ್ತದೆ ಎಂಬುದು ನನಗೆ ಮನದಟ್ಟಾಯಿತು.

ಆಮೇಲೆ ನಾದಿನಿಯ ಮಗಳ ಮದುವೆಯ ಬೀಗರೂಟ ಬಂತು. ಅಲ್ಲಿ ಇವರು ಮಾಂಸದೂಟ ಉಂಡರು. ಮರುದಿನ ಮುಕ್ಕಾಲು ಕೆಜಿ ಹೆಚ್ಚು. ಅದರ ಮರುದಿನ ಒಂದೂವರೆ. ಮೂರನೆಯ ದಿನ ಎರಡು ದಾಟಿತು. ಪಾದ ಮಾತ್ರ ಊದಿರಲಿಲ್ಲ.

"ಬೀಗರೂಟದ ಬಾಡು ಕಣಮ್ಮಿ. ನಾಳಿಕೆ ಇಳೀತದೆ, ಬುಡು," ಎಂದರು ಇವರು.

"ಒಂದಿನ ಏರಿದ್ರೆ ಬಾಡು ಅನ್ಬೋದು. ಮೂರು ದಿನದಿಂದ ಏರ್ತಾನೇ ಐತೆ. ನಾನ್ ಬುಡಾಕಿಲ್ಲ," ಎಂದು ಫೋನ್ ಮಾಡಿಯೇಬಿಟ್ಟೆ.

ಡಾಕ್ಟರಮ್ಮ ಅಂದೇ ಕರೆಸಿ, ರಕ್ತ ಪರೀಕ್ಷೆ ಮಾಡಿಸಿ, ಕೆಲವು ದಿನಕ್ಕೆ ಮಾತ್ರೆ ಹೆಚ್ಚಿಸಿದರು. "ಒಳ್ಳೇ ಟೈಮಿಗೆ ಹೇಳಿದ್ರಿ," ಎಂದರು. ಈ ಸಲ ಅಡ್ಮಿಟ್ ಆಗಬೇಕಾಗಲಿಲ್ಲ.

ಗುಂಡಿಗೆ ಮೊದಲಿನಂತಾಗುವುದು ಕಷ್ಟವೆಂದು ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಇದ್ದಷ್ಟು ಬಲವನ್ನು ಕಾಯುವುದು ನಮ್ಮ ಕೆಲಸ.

ಇವತ್ತು ನಾನೂರು ಗ್ರಾಂ ಹೆಚ್ಚಿತ್ತು. ಬರೆದುಕೊಂಡೆ. ಇಬ್ಬರೂ ತಿಂಡಿಗೆ ಕೂತೆವು.